ಹೋರಿಯ ಹೆಸರಿನ ಕುದುರೆಮರಿಗಳು

ನನ್ನ ಫೋನಿನ ಲಾಯದಲ್ಲಿ ಸೊಟ್ಟ ಕಾಲಿನ ಕುದುರೆಮರಿ ಹುಟ್ಟಿದಾಗೆಲ್ಲ ಅದಕ್ಕೆ ನಮ್ಮ ಮನೆಯ ಹೋರಿಯ ಹೆಸರಿಡುತ್ತಿದ್ದೆ. ಹೆಸರಿಟ್ಟ ಮೇಲೆ ‘ಬಿಟ್ಟುಬಿಡು’ ಎಂಬ ಗುಂಡಿ ಒತ್ತುತ್ತಿದ್ದೆ. ಮರಿ ಮಾಯ. ಎಲ್ಲಿಗೆ ಹೋಗುತ್ತದೆಂದು ಆಟ ಹೇಳುವುದಿಲ್ಲ. ಕಟುಕನ ಮನೆಗೆ ಹೋಗು ಎಂದು ನಾನೇ ಬಾಯಿಬಿಟ್ಟು ಹೇಳಿ ಕಳಿಸುತ್ತಿದ್ದೆ. ನಾನು ಮಲಗಿದ್ದ ಹೊರಸಿನಿಂದ ನಾಲ್ಕು ಮಾರು ಆಚೆ, ಅದೇ ಹೆಸರಿನ ನಿಜವಾದ ಹೋರಿ ನೆನೆಸಿದ ಕಡಲೆ ಮೇಯುತ್ತ ಆರಾಮಾಗಿ ನಿಂತಿರುತ್ತಿತ್ತು.

ಹಿರೇಬೆಂಡಿಗೇರಿಯ ನಮ್ಮ ಮನೆಯಲ್ಲಿ ಆ ಹೋರಿಗೆ ಒಂದು ದಿನವೂ ಹೊಲದ ಕೆಲಸ ಹೇಳಿದವರಿಲ್ಲ. ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಊರೂರಲ್ಲಿ ಹೋರಿ ಬೆದರಿಸುತ್ತಾರೆ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಜನರ ನಡುವೆ ಬಿಡುತ್ತಾರೆ. ಹಾರ ಕಿತ್ತವನು ಗೆದ್ದ. ಕೀಳಗೊಡದೆ ದಾಟಿದರೆ ಹೋರಿ ಗೆದ್ದಿತು. ಕರುವಾಗಿದ್ದಾಗಿನಿಂದ ಅದನ್ನು ತಯಾರು ಮಾಡಿದವರು ಅಪ್ಪ ಮತ್ತು ನಾನು. ನಾನು ಅದರ ಕೊರಳಿಗೆ ಕೈ ಹಾಕಬೇಕು, ಅದೇ ಹೊತ್ತಿಗೆ ಅಪ್ಪ ಹಿಂದಿನಿಂದ ಬಾರುಕೋಲಿನಲ್ಲಿ ಬಾರಿಸಬೇಕು. ಕೊರಳ ಹತ್ತಿರ ಕೈ ಬಂದರೆ ಪೆಟ್ಟು ಬೀಳುತ್ತದೆ ಎಂದು ಅದು ಕಲಿಯಬೇಕು, ಕೈ ಕಂಡಲ್ಲಿ ಕೊಂಬು ಹಾಕಬೇಕು. ಚೆನ್ನಾಗಿಯೇ ಕಲಿಯಿತು. ಹಾನಗಲ್ಲ ಕಡೆಯ ಒಂದು ಅಖಾಡದಲ್ಲಿ ಅದು ಒಬ್ಬನ ಪಕ್ಕೆಲುಬು ಮುರಿದಾಗ ನಾವಿಬ್ಬರೂ ಟವೆಲ್ ಬೀಸಿ ಕುಣಿದೆವು.

ಒಂದು ಬೆಳಗ್ಗೆ ಕೊರಳ ಹಗ್ಗ ಗೂಟಕ್ಕೆ ಸುತ್ತಿಕೊಂಡು ಹೋರಿಯ ನಾಲಿಗೆ ಹೊರಗೆ ಬಂದಿತ್ತು. ಕಣ್ಣು ಮೇಲಾಗಿದ್ದವು. ನಾನು ಓಡಿಹೋಗಿ ಗಂಟು ಬಿಚ್ಚಲು ಕೊರಳಿಗೆ ಕೈ ಹಾಕಿದೆ. ಕೊಂಬು ನನ್ನ ತೊಡೆಯಲ್ಲಿ ಇಳಿಯಿತು. ಎತ್ತಿ ಗೋಡೆಗೆ ಬಡಿಯಿತು, ಬಿದ್ದ ಮೇಲೆ ಮೊಣಕಾಲ ಕೆಳಗೆ ತುಳಿಯಿತು. ಹಸಿ ಜೋಳದ ದಂಟು ಮುರಿದ ಹಾಗೆ ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಆ ರಭಸಕ್ಕೆ ಹಗ್ಗ ಹರಿದು ಹೋರಿ ಬದುಕಿಕೊಂಡಿತು. ಅಪ್ಪ ಮೊದಲು ಓಡಿಬಂದು ನೋಡಿದ್ದು ಅದರ ಕೊರಳನ್ನು. ಇದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಹುಬ್ಬಳ್ಳಿಯಲ್ಲಿ ಕಾಲಿಗೆ ರಾಡ್ ಹಾಕಿದರು. ಕಾಲು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಶಿಗ್ಗಾವಿಯಲ್ಲಿ ಪಂಪಿನ ಮೋಟಾರು ವೈಂಡಿಂಗ್ ಮಾಡಿಕೊಂಡಿದ್ದವನು ಹೊರಸು ಹಿಡಿದೆ. ಆಗ ಸಿಕ್ಕಿದ್ದು ಈ ಆಟ. ಕುದುರೆಗಳನ್ನು ಜೋಡಿ ಮಾಡುವುದು, ಹುಟ್ಟಿದ ಮರಿಯ ಮೈಕಟ್ಟು ನೋಡುವುದು. ಕತ್ತು, ಬೆನ್ನು, ಭುಜ, ಕಾಲು, ಎಲ್ಲಕ್ಕೂ ಬೇರೆ ಬೇರೆ ಅಂಕ. ಬೆನ್ನು ಕುಸಿದಿದ್ದರೂ ನಾನು ಇಟ್ಟುಕೊಳ್ಳುತ್ತಿದ್ದೆ. ಕಾಲು ಸೊಟ್ಟಗಿದ್ದರೆ ಮಾತ್ರ ಇಲ್ಲ. ನೆಟ್ಟಗಿನ ಕಾಲಿನ ಗಂಡಿಗೆ ನೆಟ್ಟಗಿನ ಕಾಲಿನ ಹೆಣ್ಣು ತಂದರೂ, ಅಜ್ಜಿಯದೋ ಮುತ್ತಜ್ಜನದೋ ದೋಷ ಮರಿಯಲ್ಲಿ ಎದ್ದು ಬರುತ್ತಿತ್ತು. ಹಲ್ಲು ಕಡಿಯುತ್ತಿದ್ದೆ. ಹೋರಿಯ ಹೆಸರು, ಗುಂಡಿ, ಮಾಯ. ಮತ್ತೆ ಜೋಡಿ.

ಕೊನೆಗೊಂದು ಕಪ್ಪು ಹೆಣ್ಣುಗುದುರೆ ಕಾಲಿಗೆ ಪೂರ್ತಿ ಅಂಕ ತೆಗೆದುಕೊಂಡು ಬೆಳೆದು ನಿಂತಿತು. ಅವ್ವನಿಗೆ ತೋರಿಸಿದೆ.

“ಚಂದ ಐತಿ ಬಿಡ” ಎಂದವಳೇ ಹೋರಿಗೆ ಮೊಟ್ಟೆ ಕುಡಿಸಲು ಹೋದಳು.

ನನಗೆ ಮೈಯೆಲ್ಲ ಉರಿಯಿತು. ಹೋರಿಯನ್ನು ಕಟುಕನಿಗೆ ಕೊಡದಿದ್ದರೆ ತೆವಳಿಕೊಂಡಾದರೂ ಹೋಗಿ ಕೊಡಲಿಯಲ್ಲಿ ಕಡಿಯುತ್ತೇನೆ ಎಂದು ಅಪ್ಪನಿಗೆ ಕೂಗಿ ಹೇಳಿದೆ.

ಅಪ್ಪ ಕರೆತಂದದ್ದು ಕಟುಕನನ್ನಲ್ಲ. ಬೆದರಿಸಲು ಹೋರಿ ಕೊಳ್ಳುವ, ಹಿರೇಕೆರೂರು ಕಡೆಯ ಒಬ್ಬ ಹೋರಿ ಹುಚ್ಚನನ್ನು. ಅವನು ಹೋರಿಯನ್ನು ಸುತ್ತು ಹಾಕಿ ಭುಜ, ಬೆನ್ನು, ಗೊರಸು ನೋಡಿದ. ನಾನು ಕುದುರೆಯನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡುವುದೂ ಹಾಗೆಯೇ.

“ಗುದ್ದತೈತೇನ್ರಿ?” ಎಂದು ಅಪ್ಪನನ್ನು ಕೇಳಿದ.

“ಮನಿ ಮಗನ್ನ ಬಿಟ್ಟಿಲ್ಲ, ನೋಡ್ರಿ.”

ಅಪ್ಪನ ದನಿಯಲ್ಲಿ ಹೆಮ್ಮೆಯಿತ್ತು. ಬಂದವನು ನನ್ನ ಹೊರಸಿನ ಮೇಲೆ ಕುಳಿತು ಫೋನಿನ ಕಡೆ ಕತ್ತು ಚಾಚಿದ.

“ಏನ್ ತಮ್ಮಾ, ಕುದುರಿ ಸಾಕೀಯೇನು? ಒದಿತೈತೇನು ಇದು?”

“ಇಲ್ರಿ.”

“ಹಂಗಾರ ಯಾತಕ್ಕ ಬೇಕ?” ಎಂದು ನಕ್ಕ. “ಇರ್ಲಿ. ಎಲ್ಲಿ, ನಿನ್ನ ಕಾಲು ತೋರ್ಸು.”

ನಾನು ಲುಂಗಿ ಕೆಳಗೆಳೆದುಕೊಂಡೆ. ಅಪ್ಪ “ತೋರ್ಸಪಾ, ನೋಡ್ಲಿ” ಎನ್ನುತ್ತ ತಾನೇ ಬಂದು ನನ್ನ ಲುಂಗಿ ಸರಿಸಿದ. ಬಂದವನು ತೊಡೆಯ ಗಾಯದ ಗುರುತಿನ ಮೇಲೆ ಹೆಬ್ಬೆರಳು ಎಳೆದ. “ಎಷ್ಟ ಆಳ ಇಳದೈತ್ರೀ! ಭಾರಿ ಹೋರಿ!”

ಪಕ್ಕದಲ್ಲಿದ್ದ ಊರುಗೋಲಿನಿಂದ ಅವನ ಮುಖಕ್ಕೇ ಹೊಡೆದೆ. ಮೂಗು ಒಡೆದು ಅಂಗಿಯ ಮೇಲೆ ರಕ್ತ ಸುರಿಯಿತು. ಎರಡನೆಯ ಪೆಟ್ಟು ಅವನ ಹೆಗಲಿಗೆ, ಮೂರನೆಯದು ಬಿಡಿಸಲು ಬಂದ ಅಪ್ಪನ ಮೊಣಕೈಗೆ. ಅಪ್ಪ ನನ್ನ ಕಪಾಳಕ್ಕೆ ಬಾರಿಸಿದ. ನಾನು ಅಪ್ಪನ ಕೊರಳಪಟ್ಟಿ ಹಿಡಿದು ಎಳೆದೆ. ಇಬ್ಬರೂ ಹೊರಸಿನಿಂದ ಕೆಳಗೆ ಉರುಳಿದೆವು. ಗದ್ದಲಕ್ಕೆ ಬೆದರಿ ಹೋರಿ ಗೂಟ ಕೀಳುವಂತೆ ಜಗ್ಗುತ್ತಿತ್ತು. ಸುಳ್ಳೇಕೆ ಹೇಳಲಿ, ಅಷ್ಟು ದಿನಗಳಲ್ಲಿ ಮೊದಲ ಸಲ ನನಗೆ ಹಿತವಾಗಿತ್ತು.

ಬಂದವನು ಮೂಗಿಗೆ ಟವೆಲ್ ಒತ್ತಿಕೊಂಡು, “ಮೊದ್ಲ ಈ ಮಗನ್ನ ಕಟ್ಟಿ ಹಾಕ್ರಿ” ಎಂದು ಬೈಕ್ ಹತ್ತಿ ಹೋದ. ನೆಲದ ಮೇಲೆ ಬಿದ್ದಲ್ಲಿಂದಲೇ ನಾನು ಕೂಗಿದೆ: “ನಾಳೆ ಅದನ್ನ ಕಟುಕಗ ಕೊಡ್ರಿ. ಇಲ್ಲಂದ್ರ ನಾ ಕಡದ ಹಾಕ್ತೇನಿ!”

ಅವ್ವ ನೆಲದ ರಕ್ತ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

“ಕೊರಳಿಗೆ ಕೈ ಹಾಕಿದ್ದಕ್ಕ ಅದು ಹೊಡೀತು. ಕಾಲಿಗೆ ಕೈ ಹಾಕಿದ್ದಕ್ಕ ನೀ ಹೊಡದಿ. ಅದನ್ನ ಕಟುಕಗ ಕೊಡೂಣು. ನಿನ್ನ ಯಾರಿಗೆ ಕೊಡ್ಲಿ, ಹೇಳ.”

ಹೋರಿ ಇನ್ನೂ ಅದೇ ಗೂಟದಲ್ಲಿದೆ. ಅದರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಅಪ್ಪನ ಮೇಲಿನದು ಅದಕ್ಕಿಂತ ಹೆಚ್ಚಿದೆ. ಆ ವಾರವೇ ನನ್ನ ಕಪ್ಪು ಕುದುರೆ ಮರಿ ಹಾಕಿತು. ಮುಂಗಾಲು ಎರಡೂ ಸೊಟ್ಟ. ಹೋರಿಯ ಹೆಸರು ಬರೆದು ಗುಂಡಿಯ ಮೇಲೆ ಬೆರಳಿಟ್ಟೆ. ಆಮೇಲೆ ಆ ಹೆಸರು ಅಳಿಸಿ ನನ್ನ ಹೆಸರು ಬರೆದೆ. ಗುಂಡಿ ಒತ್ತಲಿಲ್ಲ.