ಚಿಪ್ಪಿನ ದಿಬ್ಬದ ಎಂಜಲು

ಒಂದೇ ಊರಲ್ಲಿ ಬೆಳೆದವರಿಗೆ ಬಾಲ್ಯದ ದಿನಗಳು ಮಳೆ, ಬೇಸಿಗೆ ಎಂದು ನೆನಪಾಗುತ್ತವೆ, ನನಗೆ ಬಾಡಿಗೆಮನೆಗಳ ಲೆಕ್ಕದಲ್ಲಿ. ಅಪ್ಪಯ್ಯ ಹೋಟೆಲುಗಳಲ್ಲಿ ಅಡಿಗೆಯವರು. ಮಾಲೀಕರೊಡನೆ ಒಂದು ಮಾತು ಹೆಚ್ಚುಕಡಿಮೆಯಾದರೆ ಸಾಕು, ನಮ್ಮ ಪಾತ್ರೆಗಳು ಗೋಣಿಚೀಲ ಸೇರುತ್ತಿದ್ದವು. ಸಾಸ್ತಾನದಿಂದ ಬೈಂದೂರು, ಅಲ್ಲಿಂದ ಬೀಜಾಡಿ. ನನಗೂ ಕಾಲು ನಿಲ್ಲದ ರೋಗ ಹತ್ತಿತ್ತು. ಕುಂಟಾಟದಲ್ಲಿ ಔಟಾಗುವ ಮೊದಲೇ ಆಟ ಬಿಟ್ಟು ಓಡುತ್ತಿದ್ದೆ.

ಬೀಜಾಡಿಯ ಬೇಸಿಗೆ ರಜೆಯಲ್ಲಿ ಮನೆಯ ಹಿಂದಿನ ತೆಂಗಿನ ತೋಟಕ್ಕೆ ಹಳೇ ಕಾಲದ ಕುರುಹು ಹುಡುಕುವ ಮೈಸೂರು ಕಡೆಯ ಮೇಡಂ ಒಬ್ಬರು ಬಂದು ಅಲ್ಲಿದ್ದ ದಿಬ್ಬವನ್ನು ಅಗೆಸತೊಡಗಿದರು. ಮೊದಲು ಮರಳು ಬಂತು. ಆಮೇಲೆ ಚಿಪ್ಪಿನ ಮೇಲೆ ಚಿಪ್ಪು, ನಡುನಡುವೆ ಬೂದಿ, ಮೀನಿನ ಮುಳ್ಳು, ಚೂಪು ಕಲ್ಲಿನ ಚೂರುಗಳು. ಕಡಲ ಕಡೆಯಿಂದ ಒಣಮೀನಿನ ಗಾಳಿ ಬೀಸಿದಾಗ ಆ ಬೂದಿಯ ಒಲೆ ಈಗಷ್ಟೇ ಆರಿದಂತಿತ್ತು.

ಲಂಗದ ತುಂಬ ಚಿಪ್ಪು ಹೊತ್ತು ಮನೆಗೆ ಓಡಿದೆ. ಹಲಸಿನ ಹಪ್ಪಳ ಒಣಗಿಸುತ್ತಿದ್ದ ಅಜ್ಜಿ ಕೂಗಿಕೊಂಡರು.

"ಹ್ವಾಯ್ ಹೆಣ್ಣೇ, ಅದ್ ಯಾರ್ದೋ ಎಂಜ್ಲ್! ಮೀಯದೆ ಒಳ್ಗೆ ಬಪ್ಪುಕಾಗ!"

ಬಾವಿಕಟ್ಟೆಯಲ್ಲಿ ಮಿಂದು, ಒದ್ದೆ ತಲೆಯಲ್ಲೇ ಮೇಡಂ ಹತ್ತಿರ ಹೋಗಿ ದೂರು ಹೇಳಿದೆ. ಅವರು ನಗಲಿಲ್ಲ.

"ಅಜ್ಜಿ ಹೇಳಿದ್ದು ಸರಿ ಪುಟ್ಟಿ. ಇದು ಎಂಜಲೇ. ಸಾವಿರಾರು ವರ್ಷಗಳ ಹಿಂದೆ ಬೇಟೆಯಾಡಿ, ಚಿಪ್ಪುಮೀನು ಆಯ್ದು ತಿಂದು ಬದುಕಿದವರದು. ಅವರಿಗೆ ಗದ್ದೆ ಇರಲಿಲ್ಲ, ಆದರೂ ಈ ಜಾಗ ಬಿಟ್ಟು ಹೋಗಲಿಲ್ಲ. ತಲೆತಲಾಂತರ ಒಂದೇ ಕಡೆ ಕೂತು ಉಂಡರೆ ಮಾತ್ರ ಇಷ್ಟು ರಾಶಿ ಬೀಳೋದು."

ಆ ಮಾತು ತಲೆಯೊಳಗೆ ಹೊಕ್ಕು ಕೂತಿತು. ಆ ಸಂಜೆಯೇ ಅಪ್ಪಯ್ಯ ಇಂಗಿನ ವಾಸನೆಯ ಅಂಗಿ ಬಿಚ್ಚುತ್ತಾ ಅಜ್ಜಿಗೆ ಹೇಳಿದರು: "ಶಿರೂರಂಗೆ ಒಂದ್ ಹೋಟ್ಲಿಗೆ ಜನ ಬೇಕಂಬ್ರ್. ಶಾಲಿ ಶುರುವಾಪುಕ್ ಮುಂಚೆ ಹೋಯ್ಕ್."

ಶಾಲೆ ಶುರುವಾಗುವ ಮೊದಲೇ ಮತ್ತೆ ಗೋಣಿಚೀಲ ಕಟ್ಟಬೇಕು. ಈ ಊರಲ್ಲಿ ಮಾತ್ರ ನನಗೆ ಉಳಿಯಬೇಕೆನಿಸಿತ್ತು.

"ಗದ್ದಿ ಇಲ್ದಿದ್ದೋರೇ ಹೋಯ್ಲಿಲ್ಲ ಅಪ್ಪಯ್ಯ. ನಾವ್ ಎಂತಕೆ ಹೋಪುದ್?"

ದಿಬ್ಬದ ಕತೆಯನ್ನೆಲ್ಲ ಹೇಳಿದೆ. ಅಪ್ಪಯ್ಯ ಪೂರ್ತಿ ಕೇಳಿದರು. ಬೈಯಲಿಲ್ಲ.

"ಅವ್ರಿಗೆ ಮಾಲಕ್ರ್ ಇರ್ಲಿಲ್ಲ, ಮಗಾ," ಎಂದರು.

ಹೊರಡುವ ದಿನ ಮೇಡಂ ಅಗೆಸಿದ ಗುಂಡಿಯ ಅಂಚಿನಲ್ಲಿ ಕೂತು ಕಾಟುಮಾವಿನ ಹಣ್ಣು ಚೀಪಿದೆ. ಗೊರಟನ್ನು ಬೇಕೆಂದೇ ಚಿಪ್ಪುಗಳ ಮೇಲೆ ಉಗಿದೆ. ಅಜ್ಜಿ ಅದನ್ನು ನೋಡಿದರು, ಈ ಸಲ ಮೀಯಲು ಹೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹೆದ್ದಾರಿ ಅಗಲವಾದಾಗ ಆ ದಿಬ್ಬ ಬರೀ ಮಣ್ಣಾಗಿ ಲಾರಿ ಹತ್ತಿತು. ಈಗ ನಾನೂ ಒಂದು ಬಾಡಿಗೆಮನೆಯಿಂದ ಇನ್ನೊಂದಕ್ಕೆ ಅಲೆಯುತ್ತಿದ್ದೇನೆ. ನಾವು ಉಂಡು ಬಿಟ್ಟದ್ದನ್ನು ಬೆಳಗ್ಗೆ ಕಸದ ಗಾಡಿ ಒಯ್ಯುತ್ತದೆ. ಮುಂದೆಂದಾದರೂ ಯಾರಾದರೂ ಬಂದು ಅಗೆದರೆ, ನಾವಿಲ್ಲಿ ಇದ್ದೆವು ಎಂದು ಹೇಳುವುದಕ್ಕೆ ನಮ್ಮ ಎಂಜಲೂ ಇರುವುದಿಲ್ಲ.