ಹೊಗೆ ವಾಸನೆಗೆ ದರ ಕಟ್ಟಿದ ಮಧ್ಯಾಹ್ನ

ಕುಡಿಯುವುದಾದರೆ ಸ್ವಂತ ಊರಿನಲ್ಲಿ ಕುಡಿಯಬೇಡಿ. ಕೇಳಿದವರಿಗೂ ಕೇಳದವರಿಗೂ ನಾನು ಪುಕ್ಕಟೆಯಾಗಿ ಕೊಡುತ್ತ ಬಂದಿರುವ ಸಲಹೆ ಇದು. ನನ್ನ ಬೆಲ್ಲದ ಅಂಗಡಿ ಇರುವುದು ಬಸವಕಲ್ಯಾಣದಲ್ಲಿ, ನನ್ನ ಗ್ಲಾಸು ಇರುವುದು ಹುಮನಾಬಾದಿನಲ್ಲಿ. ನಡುವಿನ ದಾರಿಯೇ ನನ್ನ ಮರ್ಯಾದೆಯ ಕಾಂಪೌಂಡು. ಹುಮನಾಬಾದಿನ ಕೆಲವು ವ್ಯಾಪಾರಸ್ಥರು ಇದೇ ಕಾರಣಕ್ಕೆ ಬಸವಕಲ್ಯಾಣಕ್ಕೆ ಬರುತ್ತಾರೆ, ನನಗೆ ಗೊತ್ತಿದೆ. ಹೆದ್ದಾರಿಯಲ್ಲಿ ಎದುರಾದರೆ ನಾವು ಒಬ್ಬರಿಗೊಬ್ಬರು ಹಾರ್ನ್ ಹೊಡೆಯುವುದಿಲ್ಲ.

ನಾನು ದೊಡ್ಡ ಕುಡುಕನೇನಲ್ಲ. ತಿಂಗಳಿಗೆ ಒಂದೆರಡು ಸಲ, ಕೂತರೆ ಎರಡು ಪೆಗ್. ಆದರೆ ನಾಲಿಗೆ ಮಾತ್ರ ದೊಡ್ಡದು, ಅದೇ ನನ್ನ ಬಂಡವಾಳ. ಶಾಲೆ ನನಗೆ ಹತ್ತಲಿಲ್ಲ. ಬೇರೆಯವರ ಅಂಗಡಿಯಲ್ಲಿ ಚೀಲ ಹೊತ್ತು ಶುರು ಮಾಡಿದವನು. ಹೊರುತ್ತ ಹೊರುತ್ತ ಬೆಲ್ಲದ ಪೆಂಟಿಯ ಮೂಲೆ ಮುರಿದು ಬಾಯಿಗೆ ಹಾಕಿಕೊಂಡರೆ ಸುಣ್ಣ ಜಾಸ್ತಿಯಾಗಿದೆಯೋ, ಉಪ್ಪುನೀರಿನ ಬಾವಿಯ ಕಬ್ಬೋ, ಪಾಕ ತಳ ಹಿಡಿದಿದೆಯೋ ಹೇಳುವುದನ್ನು ಕಲಿತೆ. ಈ ನಾಲಿಗೆಯಿಂದಲೇ ಮನೆ ಕಟ್ಟಿಸಿದ್ದೇನೆ. ಅರ್ಧ ಮನೆ ರುಚಿ ನೋಡಿ, ಇನ್ನರ್ಧ ಮಾತಾಡಿ.

ಇಂಥ ನಾಲಿಗೆಗೆ ಮದ್ಯ ಒಂದು ವಿಚಿತ್ರ ಮಾಲು. ಮೊದಲನೆಯದಾಗಿ, ಅದರ ದರ ಬಾಟಲಿಯ ಮೇಲೇ ಅಚ್ಚಾಗಿರುತ್ತದೆ. ನಾನು ಮೊದಲ ಸಲ ವೈನ್ ಶಾಪಿಗೆ ಹೋದಾಗ ಅಭ್ಯಾಸಬಲದಿಂದ, "ಎರಡು ತಗೊಂಡ್ರ ಹ್ಯಾಂಗ ಕೊಡ್ತೀರಿ?" ಅಂದುಬಿಟ್ಟೆ. ಜಾಲರಿಯ ಹಿಂದಿದ್ದವನು, ಬಸ್ಸಿನ ಟಿಕೆಟ್ಟಿಗೆ ಚೌಕಾಸಿ ಮಾಡುವವನನ್ನು ಕಂಡಕ್ಟರ್ ನೋಡುವ ಹಾಗೆ ನೋಡಿದ. ಆದರೂ ಬರಿಗೈಯಲ್ಲಿ ಬರಲಿಲ್ಲ. ಒಂದು ಶೇಂಗಾ ಪ್ಯಾಕೆಟ್ ಮೇಲೆ ಹಾಕಿಸಿಕೊಂಡೇ ಬಂದೆ. ದರ ಬಗ್ಗದಿದ್ದರೆ ಪಕ್ಕದ ವಸ್ತುವನ್ನು ಬಗ್ಗಿಸಬೇಕು, ನೆನಪಿರಲಿ.

ರಮ್ಮು ನನಗೆ ಹೊಸಬನಂತೆ ಕಾಣಲೇ ಇಲ್ಲ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಬಿದ್ದು ನಿಂತಾಗ ಮೂಗಿಗೆ ಬಡಿಯುವ ಕಾಕಂಬಿಯ ವಾಸನೆ ಇದೆಯಲ್ಲ, ಅದೇ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಂತೆ. ಬ್ರಾಂದಿ ಕುಡಿದಾಗ, ನೆಗಡಿ ಇಲ್ಲದೆಯೂ ಔಷಧ ತಗೊಂಡೆನಲ್ಲ ಎಂದು ಬೇಜಾರಾಯಿತು. ವೋಡ್ಕಾದ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು: ವಾಸನೆಯಿಲ್ಲದ ಮಾಲಿಗೆ ನಾನು ದರ ಹೇಳಲಾರೆ. ಟಕೀಲಾ ಎಂಬುದನ್ನು ಕುಡಿಯುವ ಮೊದಲು ಕೈಗೆ ಉಪ್ಪು ಹಚ್ಚಿ ನೆಕ್ಕಿಸುತ್ತಾರೆ, ಕುಡಿದ ಮೇಲೆ ಲಿಂಬೆಹಣ್ಣು ಕಚ್ಚಿಸುತ್ತಾರೆ. ಹಿಂದೆ ಮುಂದೆ ಇಷ್ಟೆಲ್ಲ ಮುಚ್ಚಿ ಕೊಡುತ್ತಾರೆಂದರೆ ಮಾಲಿನಲ್ಲಿ ಏನೋ ಐಬಿದೆ ಎಂದೇ ಅರ್ಥ. ಚೀಲದ ಬಾಯಿಗೆ ಮಾತ್ರ ಒಳ್ಳೆಯ ಕಾಳು ಹಾಕಿ ತರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಜಿನ್ನಿನಲ್ಲಿ ಮಾತ್ರ ನನ್ನ ಹೆಸರು ಮೇಲೆ ಬಂತು. ಒಂದು ಗುಟುಕು ಕುಡಿದು, "ಇದರಾಗ ಕೊತ್ತಂಬರಿ ಕಾಳು ಅವ" ಅಂದೆ. ಪಕ್ಕದಲ್ಲಿದ್ದ ನನ್ನ ಹೆಂಡತಿಯ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬಾಟಲಿಯ ಹಿಂದಿನ ಚೀಟಿ ಓದಿದ, ನಗು ನಿಂತಿತು. ಇತ್ತು!

ಈ ಹೆಂಡತಿಯ ತಮ್ಮನೇ ನನಗೆ ಇದರಲ್ಲೆಲ್ಲ ಗುರು. ಹುಮನಾಬಾದಿನವನು, ಕೊಲ್ಲಿ ದೇಶದಲ್ಲಿ ಎ.ಸಿ. ಮೆಕ್ಯಾನಿಕ್. ಅಲ್ಲಿನ ದೊಡ್ಡ ಹೋಟೆಲೊಂದರ ಬಾರಿನಲ್ಲಿ ಏಣಿ ಹತ್ತಿ ಎ.ಸಿ. ರಿಪೇರಿ ಮಾಡುತ್ತ, ಕೆಳಗೆ ಕೂತವರ ಮಾತು ಕೇಳಿ ಕೇಳಿ ವಿಸ್ಕಿಯ ವಿದ್ಯೆ ಕಲಿತವನು. ವರ್ಷಕ್ಕೊಮ್ಮೆ ಬರುವಾಗ ಒಂದು ಬಾಟಲಿ ತರುತ್ತಾನೆ. ಹೋದ ಚಳಿಗಾಲದಲ್ಲಿ ಫೋನ್ ಮಾಡಿ, "ಮಾಮಾ, ಈ ಸಲ ತಂದಿದ್ದು ನೀವು ಜನ್ಮದಾಗ ಕುಡ್ದಿಲ್ಲ, ಬರ್ರಿ" ಅಂದ.

ಅದೇ ದಿನ ನನಗೆ ಇನ್ನೊಂದು ಕೆಲಸವೂ ಇತ್ತು, ನಿಜಕ್ಕೂ ದೊಡ್ಡದು. ಮೋರಖಂಡಿಯಲ್ಲಿ ಒಬ್ಬ ಕಾಕಾ ಇದ್ದಾರೆ, ಸ್ವಂತ ಗಾಣ. ನಮ್ಮ ಸುತ್ತಿನಲ್ಲಿ ಅವರ ಬೆಲ್ಲದಂಥ ಬೆಲ್ಲ ಇಲ್ಲ. ಇದನ್ನು ನಾನು ಅವರೆದುರು ಒಮ್ಮೆಯೂ ಹೇಳಿಲ್ಲ. ಅವರ ಗಾಣದ ಹೊಗೆಗೂಡು ಗಿಡ್ಡ. ಗಾಳಿ ತಿರುಗಿದರೆ ಕಬ್ಬಿನ ಸಿಪ್ಪೆಯ ಹೊಗೆ ಕಡಾಯಿಯ ಮೇಲೆ ಇಳಿಯುತ್ತದೆ. ವರ್ಷಾ ವರ್ಷ ನಾನು ಪೆಂಟಿ ಮೂಸಿ, ಮುಖ ಕಿವುಚಿ, "ಕಾಕಾ, ಹೊಗಿ" ಅನ್ನುತ್ತಿದ್ದೆ. ಅವರು ತಲೆ ತಗ್ಗಿಸುತ್ತಿದ್ದರು. ದರ ಇಳಿಯುತ್ತಿತ್ತು. ಹೊಗೆ ಇರುತ್ತಿತ್ತು ನಿಜ, ಆದರೆ ನಾನು ಮುಖ ಕಿವುಚುವಷ್ಟು ಇರುತ್ತಿರಲಿಲ್ಲ.

ಆ ಸಲ ಮಹಾರಾಷ್ಟ್ರದ ಕಡೆಯಿಂದ, ಉಮರ್ಗಾದ ಒಬ್ಬ ವ್ಯಾಪಾರಿ ಕಾಕಾಗೆ ಗಂಟುಬಿದ್ದಿದ್ದ. ಇಡೀ ಹಂಗಾಮಿನ ಬೆಲ್ಲ ಅವರ ಕೋಣೆಯಲ್ಲೇ ಕೂತಿತ್ತು. ಅದು ಅವನ ಕೈಗೆ ಹೋದರೆ ನನ್ನ ಅಂಗಡಿಗೆ ಬರುವ ಖಾಯಂ ಗಿರಾಕಿಗಳು ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಕಾಕಾಗೆ ಹುಮನಾಬಾದಿನಲ್ಲಿ ಹೊಸ ಕಡಾಯಿ ತರುವುದಿತ್ತು. "ನನ್ನ ಪಿಕಪ್ ಅದ, ಬರ್ರಿ" ಅಂದೆ. ಹೋಗುತ್ತ ಬರುತ್ತ ಮಾತು ಮುಗಿಸಿಬಿಡಬೇಕು, ಎಂದಿನ ಹೊಗೆ ಕಡಿತದೊಂದಿಗೆ, ಎಂಬುದು ನನ್ನ ಎಣಿಕೆ.

ಕಡಾಯಿಯ ಅಂಗಡಿಯವನು ಹಿಡಿಕೆ ಕೂಡಿಸಲು ಎರಡು ತಾಸು ಬೇಕೆಂದ. ಕಾಕಾರನ್ನು ಒಬ್ಬರನ್ನೇ ಬಿಟ್ಟರೆ ಉಮರ್ಗಾದವನ ಫೋನು ಬರುತ್ತದೆ. ಹೀಗಾಗಿ ಹೆಂಡತಿಯ ತಮ್ಮನ ಮನೆಗೆ ಅವರನ್ನೂ ಕರೆದುಕೊಂಡು ಹೋದೆ. ಕಾಕಾ ಹಣೆ ತುಂಬ ವಿಭೂತಿ ಧರಿಸುವ, ಚಹಾದ ಹೊರತು ಬೇರೆ ಚಟವಿಲ್ಲದ ಮನುಷ್ಯ.

"ಕಾಕಾ, ನಮ್ದೊಂದು ಸ್ವಲ್ಪ..." ಎಂದು ನಾನು ತೊದಲಿದೆ.

"ಕುಡೀರಿ ಸಾವ್ಕಾರ್ರೆ. ನೀವು ಕುಡದ್ರ ನಂಗೇನ್ ನಶಾ ಏರ್ತದೇನು?" ಎಂದು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಪ್ಪಳದ ತಾಟು ಹತ್ತಿರ ಎಳೆದುಕೊಂಡರು.

ಅದು ಮಾಳಿಗೆಯ ಮೇಲಿನ ಕೋಣೆ. ಕೆಳಗೆ ನಮ್ಮ ಅತ್ತೆಯವರು. ನಾವು ಮೇಲೆ ಎ.ಸಿ. ನೋಡುತ್ತಿದ್ದೇವೆ ಎಂದು ಅವರಿಗೆ ಹೇಳಲಾಗಿತ್ತು. ಐದು ವರ್ಷದಿಂದ ನಾನು ಹೋದಾಗಲೆಲ್ಲ ಆ ಎ.ಸಿ. ಕೆಡುತ್ತದೆ.

ಮೊದಲು ಅವನು ನಮ್ಮ ಕಡೆಯ ಅಗ್ಗದ ವಿಸ್ಕಿಯನ್ನು ಸ್ವಲ್ಪ ಸುರಿದ, ಹೋಲಿಸಿ ನೋಡಲಿಕ್ಕೆ. ಅದರ ಪರಿಚಯ ನನಗಿದ್ದೇ ಇತ್ತು: ರಮ್ಮಿನ ತಮ್ಮ, ಅಣ್ಣನ ಅಂಗಿ ಹಾಕಿಕೊಂಡಿದ್ದಾನೆ. ಆಮೇಲೆ ಹೊಸ ಬಾಟಲಿಯ ಬೂಚು ತೆಗೆದ. ಗ್ಲಾಸು ಇನ್ನೂ ತುಟಿಗೆ ತಾಗಿರಲಿಲ್ಲ, ಕೆಳಗಿನಿಂದ ಅತ್ತೆಯವರ ದನಿ ಬಂತು:

"ಮ್ಯಾಲ ಏನರ ಸುಡ್ಲಾಕತ್ತದೇನ್ರೋ?"

"ಎ.ಸಿ. ವಾಯರ್ ರೀ ಅತ್ತಿ!" ಎಂದು ನಾನು ಕೂಗಿದೆ.

"ನಾ ಹಾಕಿದ ವಾಯರ್ ಸುಡಂಗಿಲ್ಲ ಮಾಮಾ" ಎಂದು ಅವನು ಮುಖ ಗಂಟು ಹಾಕಿಕೊಂಡ. ಕುಡುಕ ಅನ್ನಿಸಿಕೊಳ್ಳಲು ಅವನು ತಯಾರು, ಕೆಟ್ಟ ಮೆಕ್ಯಾನಿಕ್ ಅನ್ನಿಸಿಕೊಳ್ಳಲು ಅಲ್ಲ.

ಒಂದು ಗುಟುಕು ಬಾಯಿಗೆ ಹಾಕಿದೆ. ಉರಿದು ಆರಿದ ಒಲೆಯ ಬಾಯಿಗೆ ಮುಖವಿಟ್ಟಂತೆ. ಅದರ ಹಿಂದೆ ಆಸ್ಪತ್ರೆಯ ಪಟ್ಟಿ ಬಿಚ್ಚಿದ ವಾಸನೆ. ಎಲ್ಲದರ ಕೆಳಗೆ, ಎಲ್ಲೋ ದೂರದಲ್ಲಿ, ಒಂದು ಸಣ್ಣ ಸಿಹಿ. ಅಂಗಡಿಯಲ್ಲಿ ಕೂತ ಹಾಗೇ ನನ್ನ ಮುಖ ತಾನಾಗಿ ಕಿವುಚಿಕೊಂಡಿತು, ಬಾಯಿ ತಾನಾಗಿ ತೀರ್ಪು ಕೊಟ್ಟಿತು:

"ಹೊಗಿ ಹಿಡ್ದದ. ನಿಂಗ ಟೋಪಿ ಹಾಕ್ಯಾರಲೇ. ರಸೀದಿ ಇಟ್ಟೀಯಿಲ್ಲೋ? ಹೋಗುಮುಂದ ವಾಪಸ್ ಒಯ್ದು ಅವರ ಮುಖಕ್ಕ ಬಡಿ, ಅರ್ಧ ರೊಕ್ಕ ಕಡಿ ಅನ್ನು."

ಹೆಂಡತಿಯ ತಮ್ಮ ಜಿನ್ನಿನ ಸೇಡು ತೀರಿಸಿಕೊಳ್ಳುವವನಂತೆ ನಕ್ಕ. "ಮಾಮಾ, ಈ ಹೊಗಿಗೇ ರೊಕ್ಕ! ಇದನ್ನ ಮಾಡೋ ದೇಶದಾಗ ಕೆಸರು ನೆಲದ ಮಣ್ಣಿನ ಹೆಂಟಿ ಕಡ್ದು, ಒಣಗಿಸಿ, ಒಲಿಗೆ ಹಾಕ್ತಾರ. ಆ ಹೊಗಿ ಮ್ಯಾಲ ಬಾರ್ಲಿ ಒಣಗಿಸ್ತಾರ. ಬೇಕಂತ್ಲೇ! ಹೊಗಿ ಹೆಚ್ಚಾದಷ್ಟು ಹುಚ್ಚಾಗಿ ಕೊಳ್ಳೋರು ಅದಾರ."

ಮಂಚದ ಮೇಲೆ ಹಪ್ಪಳ ಮುರಿಯುವ ಸಪ್ಪಳ ನಿಂತಿತು.

"ಏನಂದಿ ತಮ್ಮಾ?" ಅಂದರು ಕಾಕಾ. "ಇನ್ನೊಮ್ಮಿ ಹೇಳು."

ನಾನು ಕಾಕಾಗೆ ಕಾಣದಂತೆ ಹೆಂಡತಿಯ ತಮ್ಮನ ಕಾಲು ಒದೆದೆ. ಅವನು ಕಾಲು ಸರಿಸಿಕೊಂಡು ಇನ್ನೊಮ್ಮೆ ಹೇಳಿದ, ಈ ಸಲ ಕೈಬಾಯಿ ತಿರುಗಿಸಿ, ವಿವರವಾಗಿ.

"ಸಗಣಿ ಕುಳ್ಳು ಸುಟ್ಟಂಗ?"

"ಹಾಂ ಕಾಕಾ, ಅಗದಿ ಕುಳ್ಳಿನಂಗ."

"ಗಾಳಿ ತಿರುಗಿ ಹತ್ತಿದ ಹೊಗಿ ಅಲ್ಲ? ಹಚ್ಚಿದ ಹೊಗಿ?"

"ಹಚ್ಚಿದ್ದು!"

ಕಾಕಾ ಕೈ ಒರೆಸಿಕೊಂಡು ನನ್ನ ಗ್ಲಾಸು ಇಸಿದುಕೊಂಡರು. ಕುಡಿಯಲಿಲ್ಲ. ಕಣ್ಣು ಮುಚ್ಚಿ, ಮೂಗಿನ ಹತ್ತಿರ ಹಿಡಿದು, ಪೆಂಟಿ ಮೂಸಿದಂತೆ ಮೂಸಿದರು. "ಇದು ಸಿಪ್ಪಿ ಹೊಗಿ ಅಲ್ಲ, ಮಣ್ಣಿಂದು. ನಂದೇ ಇದಕಿಂತ ಚಲೋ ಅದ" ಎಂದು ವಾಪಸ್ ಕೊಟ್ಟರು. ಅವರ ಮಾತು ಸರಿಯಾಗಿತ್ತು ಎಂಬುದೇ ನನ್ನ ಸಂಕಟ.

"ಕಾಕಾ, ಅದು ಕುಡಿಯೋ ಮಾಲು, ನಿಮ್ದು ತಿನ್ನೋದು. ಎರಡಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ?" ಅಂದೆ.

"ಮೂಗು ಒಂದೇ ಅಲ್ಲೇನ್ರಿ ಸಾವ್ಕಾರ್ರೆ?"

ಸೋಲುವ ಹೊತ್ತಿನಲ್ಲಿ ಹೊಸ ವಾದ ಹೂಡಬೇಡಿ. ಇದೂ ನನ್ನ ಸಲಹೆ, ಆದರೆ ಆವತ್ತು ನಾನೇ ಪಾಲಿಸಲಿಲ್ಲ. "ಬರೀ ಹೊಗಿಗಲ್ಲ ಕಾಕಾ. ಕಟ್ಟಿಗಿ ಪೀಪಾಯಿದಾಗ ಹತ್ತು ವರ್ಷ ಇಟ್ಟಿರ್ತಾರ. ಹಳೇದಾದಷ್ಟು ಕಿಮ್ಮತ್ತು" ಅಂದೆ.

ಕಾಕಾ ಹಪ್ಪಳದ ತಾಟನ್ನು ಪಕ್ಕಕ್ಕೆ ಸರಿಸಿದರು. "ಹಳೇದಾದಷ್ಟು?"

"ಹೂಂ."

"ಹಂಗಾದ್ರ ನಂದು ಮೂರು ವರ್ಷದ ಬೆಲ್ಲ ನಿಮ್ ಗೋದಾಮಿನಾಗೇ ಅದಲ್ರಿ? ಯಾರೂ ಕೇಳವಲ್ರು, ಹಂಗೇ ಬಿದ್ದದ ಅಂತ ಪ್ರತೀ ಸಲ ನೀವೇ ಹೇಳ್ತೀರಿ. ಈಗ ಅದಕ್ಕೇನು ಭಾವ ಆಗಿರಬೇಕು?"

ಅವರ ಬೆಲ್ಲ ನನ್ನ ಅಂಗಡಿಯಲ್ಲಿ ಮೂರು ವಾರ ಉಳಿದದ್ದಿಲ್ಲ. ಹೌದೆಂದರೆ ಹಳೆಯ ಬೆಲ್ಲಕ್ಕೆ ಹೆಚ್ಚಿನ ದರ ಕೊಡಬೇಕು. ಇಲ್ಲವೆಂದರೆ ಮೂರು ವರ್ಷ ಸುಳ್ಳು ಹೇಳಿದೆನೆಂದು ಒಪ್ಪಬೇಕು. ನಾನು ಆ ಆಸ್ಪತ್ರೆ ವಾಸನೆಯ ವಿಸ್ಕಿಯನ್ನು ಒಂದೇ ಗುಟುಕಿಗೆ ನುಂಗಿದೆ, ಬಾಯಿ ಖಾಲಿ ಇಲ್ಲದಿರಲಿ ಎಂದು. ಹೆಂಡತಿಯ ತಮ್ಮ ಎ.ಸಿ.ಯ ಕಡೆ ಮುಖ ತಿರುಗಿಸಿಕೊಂಡಿದ್ದ. ಅವನ ಭುಜ ಕುಣಿಯುತ್ತಿತ್ತು.

ಸಂಜೆಗೆ ಮೊದಲೇ ಕಡಾಯಿ ಹೇರಿಕೊಂಡು ಹೊರಟೆವು. ಕುಡಿದು ಸ್ಟೇರಿಂಗ್ ಹಿಡಿಯಬಾರದು. ಈ ಸಲಹೆಯನ್ನು ಮಾತ್ರ ನಾನು ಎಂದೂ ಮುರಿದವನಲ್ಲ, ಒಬ್ಬನೇ ಹೋದ ದಿನ ಅಲ್ಲೇ ಮಲಗಿ ಬೆಳಿಗ್ಗೆ ಬರುತ್ತೇನೆ. ಹೀಗಾಗಿ ಕೀಲಿ ಕಾಕಾ ಕೈಯಲ್ಲಿತ್ತು. ಟ್ರ್ಯಾಕ್ಟರ್ ಹೊಡೆದ ಕೈ, ಗಾಡಿ ನಿಧಾನ, ಮಾತು ಒಂದೂ ಇಲ್ಲ. ಬೈದಿದ್ದರೆ ಚೌಕಾಸಿ ಮಾಡಬಹುದಿತ್ತು. ಸುಮ್ಮನಿರುವವರ ಜತೆ ಹೇಗೆ ಮಾಡುವುದು?

ಬಸವಕಲ್ಯಾಣದ ಕ್ರಾಸಿನಲ್ಲಿ ಅವರು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಬಲಕ್ಕೆ ಹೊರಳಿದರೆ ನಮ್ಮೂರು. ನೆಟ್ಟಗೆ ಹೋದರೆ ಉಮರ್ಗಾ.

"ಸಾವ್ಕಾರ್ರೆ, ಹ್ಯಾಂಗ ಹೋಗ್ಲಿ?"

"ಬಲಕ್ಕ ಕಾಕಾ."

"ಹೊಗಿ?"

ಹಿಂದೆ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು. ನಾನು ಕೊನೆಯ ಪ್ರಯತ್ನವೆಂಬಂತೆ, "ಅರ್ಧ ಕಡಿತ ಮಾಡೋಣ" ಅಂದೆ. ಕಾಕಾ ಗೇರ್ ಹಾಕಿ ಗಾಡಿಯನ್ನು ನೆಟ್ಟಗೆ ಒಂದು ಹತ್ತು ಮಾರು ಬಿಟ್ಟರು.

"ಕಡಿತ ಇಲ್ಲ! ಹೊರಳಸ್ರಿ ಕಾಕಾ!"

"ಹಳೇದು?"

"ಹಳೇದು ಇಲ್ಲೇ ಇಲ್ರಿ. ಬಂದ ತಿಂಗಳೇ ಖಾಲಿ ಆಗ್ತದ. ನಿಮ್ದಂಥ ಬೆಲ್ಲ ಈ ಸುತ್ತಿನಾಗ ಯಾರ್ದೂ ಇಲ್ಲ. ಸಾಕಾ?"

ಕಾಕಾ ಕನ್ನಡಿಯಲ್ಲಿ ಹಿಂದೆ ನೋಡಿ, ಹಿಂದಕ್ಕೆ ಬಂದು ಬಲಕ್ಕೆ ಹೊರಳಿಸಿದರು. ಸ್ವಲ್ಪ ದೂರ ಹೋದ ಮೇಲೆ, "ಇದ್ನ ಮೊದಲ್ನೇ ವರ್ಷನೇ ಹೇಳಿದ್ರ ಉಮರ್ಗಾದಾಂವನ ಫೋನೇ ಎತ್ತತಿರಲಿಲ್ಲ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದು ಹೆಚ್ಚು ತಾಗಿತು.

ಬೆಲ್ಲ ನನಗೇ ಬಂತು, ಪೂರಾ ದರಕ್ಕೆ. ನಷ್ಟವೇನೂ ಆಗಲಿಲ್ಲ, ಬರಬಾರದ ಲಾಭ ತಪ್ಪಿತು ಅಷ್ಟೇ. ಹೊಗೆಗೂಡು ಎತ್ತರಿಸಲು ಗೌಂಡಿಗೆ ಹೇಳಿದ್ದ ಕಾಕಾ ಅದನ್ನು ರದ್ದು ಮಾಡಿಸಿದ್ದಾರಂತೆ. ಈಗ ಅಂಗಡಿಗೆ ಬಂದರೆ ತಾವೇ ಪೆಂಟಿ ಮುರಿದು ನನ್ನ ಮೂಗಿಗೆ ಹಿಡಿಯುತ್ತಾರೆ: "ನೋಡ್ರಿ, ಈ ಸಲ ಹೊಗಿ ಹ್ಯಾಂಗ ಕುಂತದ!"

ಮುಂದಿನ ತಿಂಗಳು ಮತ್ತೆ ಹುಮನಾಬಾದಿಗೆ ಹೋದೆ, ಆ ಬಾಟಲಿಯಲ್ಲಿ ಇನ್ನೂ ಅರ್ಧ ಇತ್ತು. ಜೇಬಿನಲ್ಲಿ ಕಾಕಾರ ಬೆಲ್ಲದ ಒಂದು ತುಣುಕು ಉಳಿದಿತ್ತು. ಸುಮ್ಮನೆ ಬಾಯಿಗೆ ಹಾಕಿಕೊಂಡು ಅದರ ಮೇಲೆ ಒಂದು ಗುಟುಕು ಕುಡಿದೆ. ಮಣ್ಣಿನ ಹೊಗೆ, ಸಿಪ್ಪೆಯ ಹೊಗೆ ಎರಡೂ ಒಂದರ ಕೈ ಒಂದು ಹಿಡಿದು ಗಂಟಲಿಗೆ ಇಳಿದವು. ಆಸ್ಪತ್ರೆ ಮಾಯವಾಯಿತು. ನಾನು ಈವರೆಗೆ ಕುಡಿದದ್ದರಲ್ಲಿ ಅದಕ್ಕೆ ಸಮ ಯಾವುದೂ ಇಲ್ಲ. ಶೇಂಗಾ ಬಿಡಿ, ಬೆಲ್ಲ ಹಿಡಿಯಿರಿ, ಹೊಗೆ ಹಿಡಿದ ಬೆಲ್ಲವೇ ಆಗಬೇಕು.

ಇದನ್ನು ಕಾಕಾಗೆ ಮಾತ್ರ ಹೇಳಿಲ್ಲ. ಅವರಿಗೆ ಗೊತ್ತಾದ ದಿನ ಗಾಡಿ ಮತ್ತೆ ಆ ಕ್ರಾಸಿನಲ್ಲಿ ನಿಲ್ಲುತ್ತದೆ.