ದರ್ಜಿ ಜೋಥಮನ ಕಾಗದದ ಪಟ್ಟಿಗಳು

ನ್ಯೂಪೋರ್ಟ್ ಬಂದರಿನಲ್ಲಿ ಯಾರ ಮೈ ಎಷ್ಟಿದೆ ಎಂಬುದು ದೇವರನ್ನು ಬಿಟ್ಟರೆ ದರ್ಜಿ ಜೋಥಮ್ ಪೆಲ್‌ಗೆ ಮಾತ್ರ ಗೊತ್ತಿತ್ತು. ಅವನ ಅಳತೆಯಲ್ಲಿ ಅಂಕಿಗಳಿರಲಿಲ್ಲ. ಗಿರಾಕಿಗೊಂದು ಉದ್ದನೆಯ ಕಾಗದದ ಪಟ್ಟಿ. ಎದೆಗೆ, ಸೊಂಟಕ್ಕೆ, ತೋಳಿಗೆ ಹಿಡಿದು, ಮುಗಿದಲ್ಲಿ ಕತ್ತರಿಯಿಂದ ಒಂದು ಕಚ್ಚು. ತುದಿಯಲ್ಲಿ ಹೆಸರು. ಊರಿನ ಗಂಡಸರೆಲ್ಲ ಅವನ ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿದ್ದರು. ನಾನೂ ಇದ್ದೆ, ಸೊಂಟದ ಕಡೆ ತುಸು ಹೆಚ್ಚಾಗಿಯೇ. ಪಕ್ಕದ ಅಂಗಡಿಯಲ್ಲಿ ವಿಗ್ ಹೆಣೆಯುವವನು ನಾನು. ನನ್ನ ತಲೆಯ ಮೇಲಿದ್ದದ್ದನ್ನು ನೋಡಿ ಇನ್ನೊಂದು ಕೊಂಡವರಿಲ್ಲ. ಹಾಗಾಗಿ ಹಗಲೆಲ್ಲ ಜೋಥಮನ ಜೊತೆ ಹರಟೆ. ಮೂವತ್ತು ವರ್ಷ ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಹೊಲಿದು ಅವನ ಕಾಲು ಬಿಲ್ಲಾಗಿತ್ತು. ಊರಿಗೆಲ್ಲ ಕೋಟು ಹೊಲಿದವನ ಮೊಣಕೈಯಲ್ಲಿ ತೇಪೆ.

ಆ ಅಕ್ಟೋಬರಿನಲ್ಲಿ, ರಮ್ಮಿನ ಪೀಪಾಯಿ ಕಟ್ಟುವ ಅಸಾಹೆಲ್ ಮದುವೆಯ ಕೋಟಿಗೆ ಅಳತೆ ಕೊಡಲು ಬಂದ. ಹೆಣ್ಣು, ವಿಧವೆ ಮೆಹಿಟಬಲ್. ಮದುವೆ ಮುಂದಿನ ಗುರುವಾರ. ಅವನು ಚರ್ಮದ ಏಪ್ರನ್ ಬಿಚ್ಚಿದ. ಜೋಥಮ್ ಹೊಸ ಪಟ್ಟಿ ಸುತ್ತಿ ಕಚ್ಚು ಹಾಕಿದ. ಹೋದ ವರ್ಷದ ಪಟ್ಟಿ ತೆಗೆದು ಪಕ್ಕಕ್ಕಿಟ್ಟ. ಹೊಸದರಲ್ಲಿ ಎದೆಯ ಕಚ್ಚು ನಾಲ್ಕು ಬೆರಳು ಒಳಗೆ ಸರಿದಿತ್ತು.

"ಆ ಹಳೇ ಕಾಗದ ತೇವಕ್ಕೆ ಹಿಗ್ಗಿರ್ಬೇಕು ಬಿಡೋ," ಎಂದ ಅಸಾಹೆಲ್.

"ನಿಂದೊಂದೇ ಹಿಗ್ತಾ? ಈ ವಿಗ್ಗಿನವನದ್ದು ಹಿಗ್ಗಿಲ್ವಲ್ಲ!"

"ಅವನ ಕಾಗದ ಯಾಕೆ ಹಿಗ್ಗುತ್ತೆ ಮಾರಾಯಾ, ಅವನೇ ಹಿಗ್ಗಿದ್ದಾನೆ!"

ಅಸಾಹೆಲನ ನಗು ಕೆಮ್ಮಾಯಿತು. ಅದು ನಿಲ್ಲುವವರೆಗೆ ನಾವಿಬ್ಬರೂ ಕಿಟಕಿಯಾಚೆ ನೋಡಿದೆವು. ಬಾಯೊರೆಸಿದ ಬಟ್ಟೆಯನ್ನು ಅವನು ಮುಷ್ಟಿಯೊಳಗೇ ಅಡಗಿಸಿಕೊಂಡ.

"ಹಳೇ ಅಳತೆಗೇ ಕತ್ತರಿಸು, ಜೋಥಮ್. ಅವಳಿಗೆ ಮಾತ್ರ ಹೇಳ್ಬೇಡ."

ಜೋಥಮ್ ಲಂಡನ್ನಿನ ನೀಲಿ ಬನಾತು ಬಟ್ಟೆಯನ್ನು ಹಳೆಯ ಪಟ್ಟಿಗೇ ಕತ್ತರಿಸಿದ. ತೊಡಿಸಿ ನೋಡಿದರೆ ಕೋಲಿಗೆ ಕೋಟು ಹಾಕಿದಂತಿತ್ತು. ಅಸಾಹೆಲ್ ಹೋದ ಮೇಲೆ ಜೋಥಮ್ ಎದೆಯ ಅಸ್ತರಿನೊಳಗೆ ಉಣ್ಣೆ ತುಂಬತೊಡಗಿದ.

"ಈಗಾಗಲೇ ಒಬ್ಬ ಗಂಡನ್ನ ಮಣ್ಣು ಮಾಡಿದಾಳೆ ಕಣೋ. ಹೇಳ್ದೆ ಇದ್ರೆ ಪಾಪ ಅಲ್ವಾ?" ಎಂದ ನನಗೆ. "ನೀನಾದ್ರೂ ಹೇಳು."

"ನಾನು ವಿಗ್ಗಿನವನಪ್ಪ. ತಲೆಯಿಂದ ಕೆಳಗಿನದು ನನ್ನ ಕಸುಬಲ್ಲ," ಎಂದೆ. ಹೇಡಿಗೆ ಇಂಥ ಮಾತುಗಳು ಬೇಗ ಹೊಳೆಯುತ್ತವೆ.

ಬುಧವಾರ ಕೋಟು ಒಯ್ಯಲು ಮೆಹಿಟಬಲ್ ತಾನೇ ಬಂದಳು. ಜೋಥಮ್ ಮೇಜಿನಿಂದಿಳಿದ.

"ಅಮ್ಮಾ, ನಿಮಗೊಂದು ಮಾತು ಹೇಳ್ಬೇಕಿತ್ತು..."

ಅವಳು ಕೋಟಿನ ಎದೆಯೊಳಗೆ ಕೈಯಿಟ್ಟು, ಅಸ್ತರನ್ನು ಒತ್ತಿ ನೋಡಿದಳು.

"ಎಷ್ಟು ಹಾಕಿದ್ದೀರಿ?"

"ಎರಡು ಹಿಡಿ."

"ಭುಜಕ್ಕೂ ಒಂದು ಹಿಡಿ ಹಾಕಿ. ಅಲ್ಲೇ ಮೊದಲು ಇಳಿಯೋದು. ನನ್ನ ಮೊದಲಿನವರಿಗೂ ಹಾಗೇ ಆಗಿತ್ತು."

ಜೋಥಮ್ ಕೋಟನ್ನು ಮತ್ತೆ ಮೇಜಿನ ಮೇಲೆ ಹರಡಿದ.

"ನಂಗೆ ಗೊತ್ತು ಅಂತ ಅವರಿಗೆ ಹೇಳ್ಬೇಡಿ," ಎಂದಳು. "ನಾಳೆ ಊರವರ ಮುಂದೆ ಗಟ್ಟಿಮುಟ್ಟಾಗಿ ನಿಲ್ಲಲಿ. ಆಮೇಲೆ ಅವರಿಗೆ ಹೊದಿಸೋ ಬಿಳೀ ಬಟ್ಟೆ ನಾನೇ ಹೊಲೀತೀನಿ. ಅದಕ್ಕೆ ಅಳತೆ ಬೇಕಾಗಲ್ಲ."

ಅವಳು ಕಾಯುತ್ತ ಬೆಂಚಿನ ಮೇಲೆ ಕೂತಳು. ಜೋಥಮ್ ಭುಜದ ಹೊಲಿಗೆ ಬಿಚ್ಚಿದ. ಸೂಜಿಗೆ ದಾರ ಪೋಣಿಸಲು ಅವನಿಂದಾಗಲಿಲ್ಲ. ನಾನೇ ಪೋಣಿಸಿಕೊಟ್ಟೆ, ಮೂರನೆಯ ಸಲಕ್ಕೆ.